ಮನೆಯೊಳಗೊಂದು ಹಳ್ಳ: ನುಣುಪು ಕಲ್ಲು, ಗಿಡ ಮತ್ತು ಹರಿಯುವ ನೀರಿನ ಅಕ್ವೇರಿಯಂ ಮಾಡುವುದು ಹೇಗೆ

ನಾನು ಮೊದಲು ಕಟ್ಟಿದ ಕಲ್ಲಿನ ಟ್ಯಾಂಕ್ ನೋಡಿ ನನ್ನ ತಂಗಿ ಕೇಳಿದ್ದು ಒಂದೇ ಮಾತು. "ಅಣ್ಣಾ, ಇದೇನು, ನಾಗರಕಟ್ಟೆನಾ?"

ಕಲ್ಲು ಒಳ್ಳೆಯದೇ ಇತ್ತು. ಗಿಡಗಳೂ ಪರವಾಗಿಲ್ಲ. ಲೈಟಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ದುಡ್ಡು ಸುರಿದಿದ್ದೆ. ಆದರೆ ದೊಡ್ಡ ಉರುಟು ಕಲ್ಲುಗಳನ್ನು ನಡುವೆ ಪೇರಿಸಿ, ಅದರ ಮೇಲೆ ಸಣ್ಣವು, ಅದರ ಮೇಲೆ ಇನ್ನೂ ಸಣ್ಣವು ಅಂತ ಗೋಪುರ ಕಟ್ಟಿಟ್ಟಿದ್ದೆ. ಯಾವ ಹೊಳೆಯೂ ಹಾಗೆ ಕಲ್ಲು ಪೇರಿಸುವುದಿಲ್ಲ. ಅದು ಕಣ್ಣಿಗೆ ಗೊತ್ತಾಗುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ ಅಷ್ಟೇ.

ಆಮೇಲೆ ಜನವರಿಯಲ್ಲಿ ತೀರ್ಥಹಳ್ಳಿ ಕಡೆಯ ಹೆಂಡತಿ ಮನೆಗೆ ಹೋಗಿದ್ದೆ. ಮಳೆಗಾಲ ಮುಗಿದು, ತೋಟದ ಪಕ್ಕದ ಹಳ್ಳದಲ್ಲಿ ನೀರು ಮೊಣಕಾಲಿಗೆ ಇಳಿದು, ತಳದ ಒಂದೊಂದು ಕಲ್ಲೂ ಕಾಣುವ ಕಾಲ. ಎರಡು ದಿನ ಬೆಳಿಗ್ಗೆ ಅಲ್ಲೇ ಬಂಡೆ ಮೇಲೆ ಕೂತೆ. "ಎಂತ ಅಳಿಯಂದ್ರೇ, ಕಲ್ಲು ಎಣಿಸ್ತಾ ಇದ್ದೀರಾ?" ಅಂತ ಮಾವ ತಮಾಷೆ ಮಾಡಿದರು. ನಿಜಕ್ಕೂ ಹೆಚ್ಚೂಕಡಿಮೆ ಅದನ್ನೇ ಮಾಡುತ್ತಿದ್ದೆ. ಈಗ ನಾನು ಹೇಳಹೊರಟಿರುವುದರ ಮುಕ್ಕಾಲು ಭಾಗ ಅಲ್ಲಿ ನೋಡಿದ್ದು, ಉಳಿದದ್ದು ತಪ್ಪು ಮಾಡಿ ಕಲಿತದ್ದು.

ಹಳ್ಳ ಕಲ್ಲನ್ನು ಹೇಗೆ ಇಡುತ್ತದೆ

ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪಟೆ ಕಲ್ಲುಗಳು. ಅವು ನೆಲಕ್ಕೆ ಮಟ್ಟಸವಾಗಿ ಮಲಗಿರಲಿಲ್ಲ. ಅರ್ಧ ಖಾಲಿ ಕಪಾಟಿನಲ್ಲಿ ಪುಸ್ತಕಗಳು ಒಂದರ ಮೇಲೊಂದು ಒರಗಿಕೊಳ್ಳುತ್ತವಲ್ಲ, ಹಾಗೆ ಎಲ್ಲವೂ ಒಂದೇ ಕಡೆಗೆ ಒರಗಿದ್ದವು. ನೀರು ಬರುವ ಕಡೆಯ ಅಂಚು ಕೆಳಗೆ ಹೂತಿದೆ, ನೀರು ಹೋಗುವ ಕಡೆಯ ಅಂಚು ಮೇಲೆದ್ದಿದೆ. ಯಾಕೆ ಹಾಗೆ ಅಂತ ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ಹಾಗೆ ಒರಗಿದ ಕಲ್ಲಿನ ಮೇಲೆ ನೀರು ಜಾರಿ ಹೋಗುತ್ತದೆ, ಕಲ್ಲನ್ನು ಇನ್ನೂ ಕೆಳಗೆ ಒತ್ತುತ್ತದೆ. ಉಲ್ಟಾ ಇದ್ದರೆ ನೀರು ಕಲ್ಲಿನಡಿ ನುಗ್ಗಿ ಅದನ್ನು ಮಗುಚಿ ಹಾಕುತ್ತದೆ. ಮಳೆಗಾಲದ ನೆರೆಯಲ್ಲಿ ಮಗುಚಿ ಮಗುಚಿ ಕೊನೆಗೆ ಕದಲದಂತೆ ನಿಂತ ಕಲ್ಲುಗಳೇ ಬೇಸಿಗೆಯಲ್ಲಿ ನಮಗೆ ಕಾಣುವುದು. ನೀರು ಪೂರ್ತಿ ಬತ್ತಿದ ಹಳ್ಳದಲ್ಲೂ ಈ ಒರಗು ನೋಡಿ ನೀರು ಯಾವ ಕಡೆಯಿಂದ ಬರುತ್ತಿತ್ತು ಅಂತ ಹೇಳಬಹುದು. ಭೂವಿಜ್ಞಾನದವರು ಇದನ್ನೇ ಹಿಡಿದು ಸಾವಿರಾರು ವರ್ಷ ಹಿಂದಿನ ನದಿಗಳ ದಿಕ್ಕು ಗುರುತಿಸುತ್ತಾರೆ.

ಎರಡನೆಯದು, ದೊಡ್ಡ ಬಂಡೆಯ ಹಿಂದೆ ಮುಂದೆ ಇರುವ ವ್ಯತ್ಯಾಸ. ನೀರು ಬಂದು ಬಡಿಯುವ ಕಡೆ ಮರಳು ಕೊರೆದು ಹೋಗಿ ದಪ್ಪ ಕಲ್ಲು ಮಾತ್ರ ಉಳಿದಿರುತ್ತದೆ. ಬಂಡೆಯ ಮರೆಯಲ್ಲಿ ನೀರು ನಿಧಾನವಾಗುವುದರಿಂದ ಅಲ್ಲಿ ಸಣ್ಣ ಮರಳು ಬಾಲದ ಹಾಗೆ ಉದ್ದಕ್ಕೆ ಕೂತಿರುತ್ತದೆ. ಗಿಡ ಬೇರು ಬಿಡುವುದೂ ಅಲ್ಲೇ, ಎಲೆ ಕಸ ನಿಲ್ಲುವುದೂ ಅಲ್ಲೇ, ಮೀನು ವಿಶ್ರಾಂತಿಗೆ ಬರುವುದೂ ಅಲ್ಲೇ.

ಇದಿಷ್ಟು ತಲೆಗೆ ಹೋದ ಮೇಲೆ ಟ್ಯಾಂಕ್ ಮಾಡುವ ಕ್ರಮವೇ ಬದಲಾಯಿತು. ಕಲ್ಲು ಎಲ್ಲಿಡಲಿ ಅಂತ ಶುರು ಮಾಡುವುದಲ್ಲ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅಂತ ಮೊದಲು ತೀರ್ಮಾನ ಮಾಡಬೇಕು. ಮಿಕ್ಕದ್ದನ್ನು ಅದೇ ಹೇಳುತ್ತದೆ.

ಟ್ಯಾಂಕ್

ಹೊಳೆಗೆ ಉದ್ದ ಬೇಕು, ಆಳ ಬೇಡ. 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರ ನನ್ನ ಲೆಕ್ಕದಲ್ಲಿ ಸರಿಯಾದ ಅಳತೆ. ಒಂದು ಘನ ಅಡಿಗೆ 28.3 ಲೀಟರ್ ಹಿಡಿಯುತ್ತದೆ, ಅಂದರೆ ಇದಕ್ಕೆ ಸುಮಾರು 130 ಲೀಟರ್. 2 ಅಡಿಯದರಲ್ಲೂ ಮಾಡಬಹುದು, ಆದರೆ ಹರಿವಿನ ವಿರುದ್ಧ ಈಜಲು ಮೀನಿಗೆ ಜಾಗ ಸಾಲುವುದಿಲ್ಲ. ಗಾಜು 8 ಮಿ.ಮೀ. ಇರಲಿ.

ಗಾಜು, ನೀರು, ಮರಳು, ಕಲ್ಲು ಎಲ್ಲ ಸೇರಿ ಸ್ಟ್ಯಾಂಡ್ ಬಿಟ್ಟೇ 180 ಕೆ.ಜಿ. ಹತ್ತಿರ ಬರುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಪ್ಲೈವುಡ್ ಹಾಕಿ, ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ, ಆಮೇಲೆ ಥರ್ಮೋಕೋಲ್ ಹಾಳೆ ಹಾಸಿ ಟ್ಯಾಂಕ್ ಇಡಿ. ಕಿಟಕಿ ಪಕ್ಕ ಬೇಡ. ಬಿಸಿಲು ಬಿದ್ದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ.

ಕಲ್ಲು ಎಲ್ಲಿಂದ, ಯಾವುದು

ಹೊಳೆಯಿಂದಲೇ ಎತ್ತಿಕೊಂಡು ಬರೋಣ ಅಂತ ಅನಿಸುವುದು ಸಹಜ. ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿಂದ ಹಾಗೆ ತರುವುದು ಕಾನೂನಿಗೂ ವಿರುದ್ಧ. ಮಾವನ ತೋಟದ ಹಳ್ಳದಿಂದ ನಾನು ತಂದದ್ದು ಫೋಟೊ ಮಾತ್ರ. ಹೊಳೆಯ ಕಲ್ಲಿನಡಿ ಮೀನು ಮೊಟ್ಟೆ ಇಡುತ್ತದೆ, ಏಡಿ ಇರುತ್ತದೆ, ಕಪ್ಪೆ ಮರಿಗಳು ಇರುತ್ತವೆ. ನಾವು ಎತ್ತುವ ಇಪ್ಪತ್ತು ಕಲ್ಲು ಯಾರದ್ದೋ ಮನೆ.

ಗಾರ್ಡನ್ ಸಾಮಾನು ಮಾರುವ ಕಡೆ, ನರ್ಸರಿಗಳಲ್ಲಿ ಉರುಟು ಕಲ್ಲು ತೂಕಕ್ಕೆ ಸಿಗುತ್ತದೆ. ಸಣ್ಣ ಕಲ್ಲಿಗೆ ಇನ್ನೂ ಒಳ್ಳೆಯ ಜಾಗ ನೀರಿನ ಫಿಲ್ಟರ್ ಸಾಮಾನಿನ ಅಂಗಡಿ. ಸ್ವಿಮ್ಮಿಂಗ್ ಪೂಲಿನ ಫಿಲ್ಟರಿಗೆ, ಬೋರ್‌ವೆಲ್ ನೀರಿನ ಫಿಲ್ಟರಿಗೆ ಅಂತ ಬೆಣಚುಕಲ್ಲಿನ ಮರಳು, ಗೋಲಿ ಗಾತ್ರದ ಕಲ್ಲು ಮೂಟೆಯಲ್ಲಿ ಮಾರುತ್ತಾರೆ. ಅಕ್ವೇರಿಯಂ ಅಂಗಡಿಯ ಒಂದು ಪ್ಯಾಕೆಟ್ ದುಡ್ಡಿಗೆ ಇಲ್ಲಿ ಒಳ್ಳೇ ತೂಕ ಬರುತ್ತದೆ.

ಗ್ರಾನೈಟ್, ಬೆಣಚುಕಲ್ಲು, ಕಪ್ಪು ಬಸಾಲ್ಟ್ ಇವು ನೀರಿಗೆ ಏನೂ ಬಿಡುವುದಿಲ್ಲ, ಧೈರ್ಯವಾಗಿ ಹಾಕಬಹುದು. ಅಮೃತಶಿಲೆ ಮತ್ತು ಸುಣ್ಣಕಲ್ಲು ಮಾತ್ರ ನೀರನ್ನು ನಿಧಾನವಾಗಿ ಗಡಸು ಮಾಡುತ್ತಾ ಹೋಗುತ್ತವೆ. ಒಂದು ಸಲ ಬಿಳಿ ಉರುಟು ಕಲ್ಲು ತಂದು, ನೋಡಲು ಚೆನ್ನಾಗಿದೆ ಅಂತ ಸುಮ್ನೆ ತೊಳೆದು ಹಾಕಿಬಿಟ್ಟೆ. "ಹೊಳೆ ಕಲ್ಲೇ ಸಾರ್" ಅಂತ ಮಾರಿದವನು ಹೇಳಿದ್ದ. ಒಂದು ತಿಂಗಳಲ್ಲಿ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8 ದಾಟಿತು. ಕಲ್ಲು ಹೊರಗೆ ತೆಗೆದು ಲಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ. ಯಂತ್ರದಲ್ಲಿ ಉರುಟು ಮಾಡಿದ ಅಮೃತಶಿಲೆ ಅದು.

ಆಮೇಲಿಂದ ಎರಡು ಪರೀಕ್ಷೆ ತಪ್ಪಿಸುವುದಿಲ್ಲ. ಮೊದಲು ಒಣ ಕಲ್ಲನ್ನು ಮೊಳೆಯಿಂದ ಗೀರಿ, ಬಂದ ಪುಡಿಯ ಮೇಲೆ ಲಿಂಬೆ ರಸ ಹಾಕಿ. ಗುಳ್ಳೆ ಎದ್ದರೆ ಆ ಕಲ್ಲು ಹೂಕುಂಡಕ್ಕೆ. ಗುಳ್ಳೆ ಬರದಿದ್ದರೂ ಎರಡನೆಯದು ಮಾಡಿ: ಬಕೆಟಿನಲ್ಲಿ ಆರ್‌ಒ ನೀರು ಹಾಕಿ, ಟಿಡಿಎಸ್ ಪೆನ್ನಿನಿಂದ (ನೀರಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಸಣ್ಣ ಮೀಟರ್) ಅಳೆದು ಬರೆದಿಡಿ. ಕಲ್ಲು ಮುಳುಗಿಸಿ ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಐದು ಹತ್ತು ಹೆಚ್ಚಾದರೆ ಅದು ಧೂಳು, ಬಿಡಿ. ಐವತ್ತು ನೂರು ಏರಿದರೆ ಕಲ್ಲು ಕರಗುತ್ತಿದೆ ಅಂತ ಅರ್ಥ. ತುಂಬಾ ಮಿರಮಿರ ಹೊಳೆಯುವ ಕಲ್ಲಿಗೆ ಮೇಣವೋ ಪಾಲಿಷೋ ಹಚ್ಚಿರುತ್ತಾರೆ, ಅದನ್ನು ತರಲೇಬೇಡಿ. ಇನ್ನೊಂದು ವಿಷಯ, ಕಲ್ಲನ್ನು ಒಲೆಯ ಮೇಲೆ ಕುದಿಸಬೇಡಿ. ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿದ ಉದಾಹರಣೆಗಳಿವೆ. ತೆಂಗಿನ ನಾರಿನಿಂದ ತಿಕ್ಕಿ ತೊಳೆದರೆ ಸಾಕು. ಸೋಪು ಬೇಡ.

ಗಾತ್ರದ ಬಗ್ಗೆ. 3 ಅಡಿ ಟ್ಯಾಂಕಿಗೆ ಒಂದು ದೊಡ್ಡ ಕಲ್ಲು, 20 ಸೆಂ.ಮೀ. ಉದ್ದದ್ದು. 14ರಿಂದ 16 ಸೆಂ.ಮೀ.ನವು ಎರಡು. ಅಂಗೈ ಅಗಲದವು ಎಂಟೋ ಹತ್ತೋ, ಅದರಲ್ಲಿ ಅರ್ಧ ಚಪ್ಪಟೆಯಾಗಿರಲಿ. ಲಿಂಬೆಹಣ್ಣು, ಹುಣಸೆ ಬೀಜದ ಗಾತ್ರದವು ಬೆರೆತು ಐದಾರು ಕೆ.ಜಿ. ಎಲ್ಲ ಒಂದೇ ಬಣ್ಣದ ಕುಟುಂಬದವು ಇರಬೇಕು. ಬೂದು ಅಂದರೆ ಬೂದು, ಕಂದು ಅಂದರೆ ಕಂದು. ಬೂದು ಕಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಗೆರೆಯ ಕಲ್ಲು ಬಂದರೆ ಚೆಂದ. ಆದರೆ ಕೆಂಪು, ಬಿಳಿ, ಹಸಿರು ಎಲ್ಲ ಒಂದೊಂದು ಹಿಡಿ ಹಾಕಿದರೆ ಮಿಠಾಯಿ ಡಬ್ಬಿ ಆಗುತ್ತದೆ.

ಗಿಡದ ಅಕ್ವೇರಿಯಂ ಅಂದರೆ ಜಪಾನಿನ ತಕಾಶಿ ಅಮಾನೊ ಹೆಸರು ಬಂದೇ ಬರುತ್ತದೆ. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರು ಈ ಹವ್ಯಾಸದ ರೂಪವನ್ನೇ ಬದಲಿಸಿದರು. ಅವರ ಬಳಗದ ಇವಾಗುಮಿ ಶೈಲಿಯಲ್ಲಿ ಕಲ್ಲುಗಳು ಚೂಪು, ಬೆಟ್ಟದ ಹಾಗೆ ಎದ್ದು ನಿಲ್ಲುತ್ತವೆ, ಸಂಖ್ಯೆ ಬೆಸವೇ ಇರಬೇಕು. ಆ ನಿಯಮಗಳನ್ನು ಹೊಳೆ ಟ್ಯಾಂಕಿಗೆ ತಂದರೆ ಕೆಡುತ್ತದೆ. ಹೊಳೆಯಲ್ಲಿ ಯಾವ ಕಲ್ಲೂ ಎದ್ದು ನಿಲ್ಲುವುದಿಲ್ಲ.

ನೀರಿಗೆ ದಿಕ್ಕು ಕೊಡುವುದು

ಸಾಮಾನ್ಯ ಇಂಟರ್ನಲ್ ಫಿಲ್ಟರ್ ಒಂದು ಮೂಲೆಯಲ್ಲಿ ಹಾಕಿದರೆ ನೀರು ಎದುರು ಗಾಜಿಗೆ ಬಡಿದು ವಾಪಸ್ ಬರುತ್ತದೆ. ಸುತ್ತು ಹೊಡೆಯುತ್ತದೆಯೇ ಹೊರತು ಹರಿಯುವುದಿಲ್ಲ. ಒಂದೇ ಕಡೆಗೆ ಹರಿಯಬೇಕು ಅಂದರೆ ನೀರು ಎಳೆದುಕೊಳ್ಳುವ ಬಾಯಿ ಒಂದು ತುದಿಯಲ್ಲೂ, ಬಿಡುವ ಬಾಯಿ ಇನ್ನೊಂದು ತುದಿಯಲ್ಲೂ ಇರಬೇಕು.

ಖರ್ಚು ಕಡಿಮೆಯ ದಾರಿ ಹೀಗಿದೆ. ಎಡ ತುದಿಯಲ್ಲಿ ಪವರ್ ಹೆಡ್, ಅಂದರೆ ನೀರಲ್ಲೇ ಮುಳುಗಿ ನೀರು ತಳ್ಳುವ ಪಂಪ್. ಬಲ ತುದಿಯಲ್ಲಿ ಒಂದು ದಪ್ಪ ಸ್ಪಂಜ್. ಎರಡನ್ನೂ ಸೇರಿಸಲು ಹಿಂದಿನ ಗಾಜಿನ ಬುಡದಲ್ಲಿ ಒಂದಿಂಚಿನ ಪಿವಿಸಿ ಪೈಪ್, ಎರಡು ತುದಿಯಲ್ಲಿ ಎರಡು ಎಲ್ಬೋ. ಪಂಪ್ ಎಳೆಯುವ ನೀರು ಬಲಗಡೆಯ ಸ್ಪಂಜಿನ ಮೂಲಕ ಪೈಪಿನೊಳಗೆ ಬಂದು ಎಡಗಡೆ ಹೊರಬೀಳುತ್ತದೆ. ಟ್ಯಾಂಕಿನಲ್ಲಿ ನೀರು ಎಡದಿಂದ ಬಲಕ್ಕೆ ಹರಿಯುತ್ತದೆ. ಪೈಪಿಗೆ ಗಮ್ ಹಾಕಬೇಕಿಲ್ಲ, ಒತ್ತಿ ಕೂರಿಸಿದರೆ ಸಾಕು. ಸೋರಿದರೂ ಟ್ಯಾಂಕಿನೊಳಗೇ ತಾನೇ ಸೋರುವುದು! ಪೈಪಿನ ಮೇಲೆ ಮರಳು, ಕಲ್ಲು ಬಂದರೆ ಕಾಣುವುದೂ ಇಲ್ಲ.

ಪಂಪ್ ಎಷ್ಟು ದೊಡ್ಡದು? ಗಂಟೆಗೆ ಟ್ಯಾಂಕಿನ ನೀರಿನ ಎಂಟು ಹತ್ತು ಪಟ್ಟು. ನಮ್ಮ 130 ಲೀಟರಿಗೆ 1000ದಿಂದ 1300 ಲೀಟರಿನದು. ಪೆಟ್ಟಿಗೆ ಮೇಲೆ ಬರೆದ ಸಂಖ್ಯೆ ಸ್ಪಂಜ್ ಇಲ್ಲದ ಪಂಪಿನದು, ಆದ್ದರಿಂದ ಸ್ವಲ್ಪ ಮೇಲಿನದನ್ನೇ ತಗೊಳ್ಳಿ. ಪಂಪಿನ ಬಾಯಿ ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ, ತುಸು ಮೇಲ್ಮುಖವಾಗಿ ಇರಲಿ. ಮೇಲ್ಮೈ ಸಣ್ಣಗೆ ಅಲೆಯಾಡಬೇಕು. ಇದು ಬರೀ ಚೆಂದಕ್ಕಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ತಣ್ಣಗಿನ ಹಳ್ಳದ ಮೀನನ್ನು ನಮ್ಮ ಏಪ್ರಿಲ್ ತಿಂಗಳಲ್ಲಿ ಕಾಪಾಡುವುದು ಈ ಅಲೆಯೇ.

ಕರೆಂಟ್ ಹೋದರೆ? ಮನೆಯ ಯುಪಿಎಸ್ ಲೈನಿಗೆ ಪಂಪ್ ಹಾಕಿಬಿಡಿ, 20 ವ್ಯಾಟ್ ಸುತ್ತಮುತ್ತ ತಿನ್ನುತ್ತದೆ ಅಷ್ಟೇ. ಅದಿಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಒಂದು ಕೈಗೆ ಸಿಗುವಂತೆ ಇರಲಿ.

ಕಲ್ಲು ಕೂರಿಸುವ ದಿನ

ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ. ಆತುರ ಮಾಡಿದರೆ ನಾಗರಕಟ್ಟೆ ಆಗುತ್ತದೆ, ನಾನು ಮಾಡಿದ್ದೀನಲ್ಲ.

ಮರಳು ಹಾಕುವ ಮೊದಲು ದೊಡ್ಡ ಕಲ್ಲುಗಳನ್ನು ಇಡಬೇಕು. ಅವು ಕೂರುವ ಜಾಗದಲ್ಲಿ ತಳದ ಗಾಜಿನ ಮೇಲೆ ತೆಳು ಫೋಮ್ ಹಾಳೆ ಹಾಸಿ, ಅದರ ಮೇಲೆ ಕಲ್ಲು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಲ್ಲಿ ಕೆದಕಿ ಕೆದಕಿ ಒಂದು ದಿನ ಕಲ್ಲು ಉರುಳುತ್ತದೆ, ಗಾಜಿಗೆ ಬಡಿದರೆ ಕಥೆ ಮುಗಿಯಿತು.

ದೊಡ್ಡ ಕಲ್ಲನ್ನು ನಟ್ಟ ನಡುವೆ ಇಡಬೇಡಿ. ನೀರು ಬರುವ ಎಡ ತುದಿಯಿಂದ ಸುಮಾರು ಒಂದಡಿ ಬಿಟ್ಟು, ಹಿಂದಿನ ಗಾಜಿಗೆ ಹತ್ತಿರ ಇಡಿ. ಉದ್ದ ನೀರಿನ ದಿಕ್ಕಿಗೇ ಇರಲಿ, ತುಸು ಓರೆಯಾದರೆ ಇನ್ನೂ ಒಳ್ಳೆಯದು. ಎರಡನೇ ಕಲ್ಲು ಅದಕ್ಕೆ ತಾಗಿಕೊಂಡು. ಮೂರನೆಯದನ್ನು ಬೇರೆಯಾಗಿ, ಬಲಗಡೆ ಮುಂದಿನ ಗಾಜಿನ ಹತ್ತಿರ ಇಡಿ. ನೆರೆಯಲ್ಲಿ ಉರುಳಿ ಬಂದು ಅಲ್ಲಿ ನಿಂತಿತು ಅನ್ನುವ ಹಾಗೆ. ಮೂರೂ ಕಲ್ಲಿನ ಕೆಳಗಿನ ಮೂರನೇ ಒಂದು ಭಾಗ ಮರಳಿನಲ್ಲಿ ಮುಚ್ಚಿಹೋಗುತ್ತದೆ, ಹೊಟ್ಟೆ ಉರಿಸಿಕೊಳ್ಳಬೇಡಿ. ಪೂರ್ತಿ ಮೇಲೆ ಕಾಣುವ ಕಲ್ಲು ಈಗಷ್ಟೇ ತಂದಿಟ್ಟ ಹಾಗೆ ಕಾಣುತ್ತದೆ.

ಈಗ ಮರಳು. ಎಂ ಸ್ಯಾಂಡ್ ಬೇಡ, ಅದು ಒಡೆದ ಕಲ್ಲಿನ ಪುಡಿ, ಅಂಚು ಚೂಪು, ತಳದಲ್ಲಿ ಕೆದಕಿ ತಿನ್ನುವ ಮೀನಿನ ಮೀಸೆಗೆ ಒಳ್ಳೆಯದಲ್ಲ. ಫಿಲ್ಟರ್ ಅಂಗಡಿಯ ಬೆಣಚು ಮರಳು 1ರಿಂದ 2 ಮಿ.ಮೀ.ನದು, 20 ಕೆ.ಜಿ. ಬಕೆಟಿಗೆ ಸ್ವಲ್ಪ ಸ್ವಲ್ಪ ಹಾಕಿ ಅಕ್ಕಿ ತೊಳೆದ ಹಾಗೆ ತೊಳೆಯಿರಿ. ಮೊದಲೆಲ್ಲ ಅಕ್ಕಚ್ಚಿನ ಬಣ್ಣವೇ ಬರುತ್ತದೆ. ಹತ್ತು ಹನ್ನೆರಡು ಸಲ ಆದ ಮೇಲೆ ತಿಳಿಯಾಗುತ್ತದೆ. ಇಲ್ಲಿ ಸೋಮಾರಿತನ ಮಾಡಿದರೆ ಟ್ಯಾಂಕ್ ಒಂದು ವಾರ ಮಜ್ಜಿಗೆ ಥರ ಇರುತ್ತದೆ. ಮುಂದೆ 2 ಸೆಂ.ಮೀ., ಹಿಂದೆ 6 ಸೆಂ.ಮೀ. ಇಳಿಜಾರು ಮಾಡಿ.

ಆಮೇಲೆ ಚಪ್ಪಟೆ ಕಲ್ಲುಗಳು. ಇದು ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ. ನೀರು ಹೋಗುವ ತುದಿಯಿಂದ, ಅಂದರೆ ಬಲಗಡೆಯಿಂದ ಶುರು ಮಾಡಿ. ಮೊದಲ ಚಪ್ಪಟೆ ಕಲ್ಲಿನ ಎಡ ಅಂಚನ್ನು ಮರಳಿಗೆ ಒತ್ತಿ ಹೂಳಿ, ಬಲ ಅಂಚು ಮೇಲೆದ್ದಿರಲಿ. ಎರಡನೇ ಕಲ್ಲನ್ನು ಅದರ ಎಡಕ್ಕೆ ಅದೇ ಥರ ಹೂಳಿ, ಮೇಲೆದ್ದ ಅಂಚು ಮೊದಲ ಕಲ್ಲಿನ ಮೇಲೆ ಒರಗುವ ಹಾಗೆ ಮಾಡಿ. ಹೀಗೆ ಎಡಕ್ಕೆ ಬರುತ್ತಾ ನಾಲ್ಕೈದು ಕಲ್ಲಿನ ಒಂದು ಸಾಲು. ಎಲ್ಲವೂ ಒಂದೇ ಕೋನದಲ್ಲಿ ಒರಗಬೇಕಿಲ್ಲ, ಒಂದೆರಡು ಸೊಟ್ಟಗಿರಲಿ. ದಿಕ್ಕು ಮಾತ್ರ ಒಂದೇ. ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ನೀರು ಇನ್ನೂ ಹಾಕಿಲ್ಲ, ಆದರೂ ನೀರು ಎಡಗಡೆಯಿಂದ ಬರುತ್ತಿದೆ ಅಂತ ಅನಿಸುತ್ತದೆ.

ಕೊನೆಗೆ ಸಣ್ಣ ಕಲ್ಲು. ಇವನ್ನು ಒಂದೊಂದಾಗಿ ಜೋಡಿಸಬೇಡಿ, ನಮ್ಮ ಕೈಗೆ ಸಾಲು ಮಾಡುವ ಚಟ ಇದೆ. ಒಂದು ಹಿಡಿ ತಗೊಂಡು ದೊಡ್ಡ ಕಲ್ಲಿನ ಎಡ ಬುಡಕ್ಕೆ, ಅಂದರೆ ನೀರು ಬಡಿಯುವ ಕಡೆಗೆ ಉದುರಿಸಿ. ಬದಿಗಳಲ್ಲಿ ಸ್ವಲ್ಪ. ಬಲಗಡೆ, ಮರೆಯಲ್ಲಿ, ಬರೀ ಮರಳು ಉದ್ದಕ್ಕೆ ಬಾಲದ ಹಾಗೆ. ಆ ಬಾಲದ ಅಂಚಿನಲ್ಲಿ ಹುಣಸೆ ಬೀಜದ ಗಾತ್ರದ ಕಲ್ಲು ನಾಲ್ಕು. ಖಾಲಿ ಮರಳು ಖಾಲಿಯಾಗಿಯೇ ಇರಲಿ. ತುಂಬಿಸಲು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಗಿಡ

ಗಿಡ ಕಡಿಮೆ ಸಾಕು, ಗಟ್ಟಿ ಜಾತಿಯವು ಸಾಕು. ಗಿಡ ಚೆನ್ನಾಗಿ ಬೆಳೆಯಲಿ ಅಂತ ಕೆಲವರು ಹಾಕುವ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಬೇಡ. ಮೇಲ್ಮೈ ಇಷ್ಟು ಅಲೆಯಾಡುವ ಟ್ಯಾಂಕಿನಲ್ಲಿ ಅದು ಹಾಕಿದಷ್ಟೇ ಬೇಗ ಹಾರಿಹೋಗುತ್ತದೆ.

ಕಲ್ಲಿನ ಮೇಲೆ ಜಾವಾ ಫರ್ನ್ ಮತ್ತು ಸಣ್ಣ ಎಲೆಯ ಅನೂಬಿಯಾಸ್. ಇವಕ್ಕೆ ಶುಂಠಿ ಥರ ಅಡ್ಡ ಬೆಳೆಯುವ ಒಂದು ಗೆಡ್ಡೆ ಇರುತ್ತದೆ, ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೆ ಹತ್ತಿ ದಾರದಲ್ಲಿ ಕಟ್ಟಿ, ಇಲ್ಲವೇ ಫೆವಿಕ್ವಿಕ್ ಎರಡು ಹನಿ ಹಾಕಿ ಒತ್ತಿ ಹಿಡಿಯಿರಿ, ಒಣಗಿದ ಮೇಲೆ ಅದು ಮೀನಿಗೆ ಏನೂ ಮಾಡುವುದಿಲ್ಲ. ಹಚ್ಚುವ ಜಾಗ ಮಾತ್ರ ಮುಖ್ಯ. ಕಲ್ಲಿನ ತಲೆ ಮೇಲೆ ಅಲ್ಲ, ಎರಡು ಕಲ್ಲು ಸೇರುವ ಸಂದಿಯಲ್ಲಿ, ನೀರು ಹೋಗುವ ಕಡೆಯ ಮಗ್ಗುಲಲ್ಲಿ. ಹೊಳೆಯಲ್ಲಿ ಬೀಜವೋ ತುಂಡೋ ತೇಲಿ ಬಂದು ಸಿಕ್ಕಿಕೊಳ್ಳುವುದು ಅಲ್ಲೇ ಅಲ್ವಾ?

ಮರಳಿನ ಬಾಲದಲ್ಲಿ ಕ್ರಿಪ್ಟೊಕೊರೈನ್. ಈ ಕುಟುಂಬದ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ. ರೆಟ್ರೋಸ್ಪೈರಾಲಿಸ್ ಅನ್ನುವುದು ಕಲ್ಲಿನ ನಡುವೆ, ಹರಿಯುವ ನೀರಲ್ಲಿ, ತೆಳು ತಿರುಚಿದ ಎಲೆ ಬಿಟ್ಟುಕೊಂಡು ಇರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಶ್ರೀಲಂಕಾ ಮೂಲದ ವೆಂಡ್ಟಿ, ಅದೂ ನಡೆಯುತ್ತದೆ. ನೆಟ್ಟ ಎರಡು ವಾರಕ್ಕೆ ಕ್ರಿಪ್ಟ್ ಎಲೆಗಳೆಲ್ಲ ಕರಗಿ ಲೋಳೆಯಾದರೆ ಕಿತ್ತೆಸೆಯಬೇಡಿ. ಜಾಗ ಬದಲಾದಾಗ ಅದು ಹಾಗೆ ಮುನಿಸಿಕೊಳ್ಳುತ್ತದೆ, ಬೇರಿನಿಂದ ಮತ್ತೆ ಚಿಗುರುತ್ತದೆ.

ಹಿಂದಿನ ಗಾಜಿಗೆ ವ್ಯಾಲಿಸ್ನೇರಿಯಾ. ರಿಬ್ಬನ್ ಥರ ಉದ್ದ ಎಲೆ, ನೀರು ಹೋದ ಕಡೆಗೆ ಬಾಗಿ ಇಡೀ ದಿನ ತೂಗಾಡುತ್ತಿರುತ್ತದೆ. ನೀರಿನ ಹರಿವು ಕಣ್ಣಿಗೆ ಕಾಣುವುದು ಇದರಿಂದಲೇ, ಹಾಗಾಗಿ ಬೇರೆ ಯಾವ ಗಿಡ ಬಿಟ್ಟರೂ ಇದನ್ನು ಬಿಡಬೇಡಿ. ಆದರೆ ಎಡ ತುದಿಯಲ್ಲಿ, ಪಂಪಿನ ಬಾಯಿಗೆ ನೇರವಾಗಿ ನೆಡಬೇಡಿ, ಕಿತ್ತು ಬರುತ್ತದೆ.

ಲೈಟಿಗೆ 2500 ಲ್ಯೂಮೆನ್ ಸುತ್ತಮುತ್ತದ ಒಂದು ಎಲ್‌ಇಡಿ ಪಟ್ಟಿ ಸಾಕು. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ 8. ಟೈಮರ್ ಹಾಕಿ, ನೆನಪಿನ ಮೇಲೆ ಬಿಡಬೇಡಿ. ಅಗಲ ಪಟ್ಟಿಯ ಬದಲು ಒಂದೆರಡು ಸ್ಪಾಟ್ ಎಲ್‌ಇಡಿ ಹಾಕಿದರೆ ಅಲೆಯ ನೆರಳು ಮರಳಿನ ಮೇಲೆ ಬಲೆಯ ಹಾಗೆ ಓಡಾಡುತ್ತದೆ. ರಾತ್ರಿ ಊಟ ಆದ ಮೇಲೆ ಅದನ್ನೇ ನೋಡುತ್ತಾ ಕೂರುವುದುಂಟು.

ನೀರು ತುಂಬಿ, ಕಾಯುವುದು

ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ನೀರು ಬಿಡಿ. ಇಲ್ಲದಿದ್ದರೆ ಇಷ್ಟು ಹೊತ್ತು ಮಾಡಿದ ಬಾಲ, ಸಾಲು ಎಲ್ಲ ಒಂದು ನಿಮಿಷದಲ್ಲಿ ಕಲಸಿಹೋಗುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆಂಟಿ ಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್ ನೀರಾದರೆ ಕ್ಲೋರಿನ್ ಚಿಂತೆ ಇಲ್ಲ, ಗಡಸುತನದ ಚಿಂತೆ. ಟಿಡಿಎಸ್ 500 ದಾಟಿದರೆ ಅರ್ಧ ಆರ್‌ಒ ನೀರು ಬೆರೆಸಿ.

ಪಂಪ್ ಹಾಕಿದ ಮೇಲೆ ಒಂದು ಚಿಟಿಕೆ ಮೀನಿನ ಆಹಾರ ಪುಡಿ ಮಾಡಿ ಎಡಗಡೆ ಉದುರಿಸಿ, ಅದು ಎಲ್ಲಿ ಓಡುತ್ತದೆ, ಎಲ್ಲಿ ಸುತ್ತುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ದೊಡ್ಡ ಕಲ್ಲಿನ ಹಿಂದೆ ನಿಂತರೆ ಸರಿ, ಅದು ಬೇಕಾದದ್ದೇ. ಮುಂದಿನ ಮೂಲೆಯಲ್ಲಿ ಗುಡ್ಡೆಯಾದರೆ ಪಂಪಿನ ಬಾಯಿಯನ್ನು ಸ್ವಲ್ಪ ತಿರುಗಿಸಿ.

ಇನ್ನು ಕಾಯುವ ಕೆಲಸ. ಮೀನಿನ ಹೊಲಸಿನಿಂದ ಅಮೋನಿಯ ಬರುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ಗಿಡ ತಿನ್ನುತ್ತದೆ. ಆ ಬ್ಯಾಕ್ಟೀರಿಯ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯಲು 4ರಿಂದ 6 ವಾರ ಬೇಕು. ದಿನಾ ಒಂದು ಚಿಟಿಕೆ ಆಹಾರ ಹಾಕುತ್ತಾ ಬನ್ನಿ, ಅದು ಕೊಳೆತು ಬ್ಯಾಕ್ಟೀರಿಯಕ್ಕೆ ಊಟ ಆಗುತ್ತದೆ. ಸ್ನೇಹಿತರ ಹಳೇ ಟ್ಯಾಂಕಿನ ಕೊಳಕು ಸ್ಪಂಜ್ ಸಿಕ್ಕರೆ ತಂದು ನಿಮ್ಮ ಟ್ಯಾಂಕಿನಲ್ಲೇ ಹಿಂಡಿ, ನೋಡಲು ಅಸಹ್ಯ, ಆದರೆ ಬೇಗ ಕೆಲಸ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಮೀನು ತರಬೇಡಿ. ಮಕ್ಕಳು ದಿನಾ ಕೇಳುತ್ತಾರೆ. ತಡೆದುಕೊಳ್ಳಬೇಕು.

ಈ ನಡುವೆ ಕಲ್ಲು, ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿ ಬರುತ್ತದೆ. ಹೊಸ ಟ್ಯಾಂಕಿಗೆಲ್ಲ ಬರುವುದೇ, ಒಂದೆರಡು ತಿಂಗಳಲ್ಲಿ ತಾನಾಗೇ ಹೋಗುತ್ತದೆ.

ಮೀನು

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಹಾಕಿದವರಿಗೆ ಗೊತ್ತು, ಹೊಳೆ ಮೀನು ಸುಮ್ಮನಿದ್ದಾಗ ನೀರು ಬರುವ ಕಡೆಗೇ ಮುಖ ಮಾಡಿ ನಿಂತಿರುತ್ತದೆ. ಅಲ್ಲಿನ ಮಹಶೀರ್ ಮನೆಗೆ ತರುವ ಮೀನಲ್ಲ ಬಿಡಿ. ಆದರೆ ಹಾಗೆ ನಿಲ್ಲುವ ಸಣ್ಣ ಮೀನುಗಳಿವೆ.

ನನ್ನ ಆಯ್ಕೆ ಜೈಂಟ್ ಡ್ಯಾನಿಯೊ. ನಮ್ಮ ಘಟ್ಟದ ಹಳ್ಳಗಳಲ್ಲಿ ಇರುವ ಬಗೆಯೇ ಇದು, ನೀಲಿ ಹಳದಿ ಗೆರೆ, 10 ಸೆಂ.ಮೀ.ವರೆಗೆ ಬೆಳೆಯುತ್ತದೆ. ಎಂಟು ಸಾಕು. ಮುಚ್ಚಳ ಕಡ್ಡಾಯ. ನಾನು ಒಂದು ರಾತ್ರಿ ಮುಚ್ಚಳ ಸರಿಸಿ ಮರೆತು ಬೆಳಿಗ್ಗೆ ಸೋಫಾ ಕೆಳಗೆ ಒಂದನ್ನು ಕಂಡೆ. ಸಣ್ಣ ಮೀನೇ ಬೇಕು ಅಂದರೆ ಝೀಬ್ರಾ ಡ್ಯಾನಿಯೊ ಹನ್ನೆರಡು ತನ್ನಿ. ಎರಡಕ್ಕೂ ಬೆಂಗಳೂರು, ಮೈಸೂರಿನ ಹವೆಯಲ್ಲಿ ಹೀಟರ್ ಬೇಕಿಲ್ಲ. ಒಂದೇ ಸಲ ಎಲ್ಲ ತಂದು ಬಿಡಬೇಡಿ, ಎರಡು ವಾರದ ಅಂತರದಲ್ಲಿ ಅರ್ಧರ್ಧ.

ಕೆಂಪು ಗೆರೆಯ ಮಿಸ್ ಕೇರಳ ಈ ಟ್ಯಾಂಕಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಕೇರಳ ಮತ್ತು ನಮ್ಮ ದಕ್ಷಿಣದ ಕೆಲವು ಹೊಳೆಗಳದ್ದು. ಅಲಂಕಾರಕ್ಕೆ ಅಂತ ಹಿಡಿದು ಹಿಡಿದು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. 4 ಅಡಿಗಿಂತ ಸಣ್ಣ ಟ್ಯಾಂಕಿನಲ್ಲಿ ಅದಕ್ಕೆ ಹಿಂಸೆ ಕೂಡ. ಫಾರ್ಮಿನಲ್ಲಿ ಮರಿ ಮಾಡಿಸಿದ್ದು ಅಂತ ಖಾತ್ರಿ ಇಲ್ಲದಿದ್ದರೆ ಬೇಡ. ಕೃಷ್ಣಾ ಕೊಳ್ಳದ ಹೊಳೆಗಳ ಪಟ್ಟೆ ಪಟ್ಟೆ ಝೀಬ್ರಾ ಲೋಚ್‌ಗೂ ಇದೇ ಮಾತು.

ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಆ ನೀರು ತುಳಸಿ ಕಟ್ಟೆಗೆ, ಕರಿಬೇವಿನ ಗಿಡಕ್ಕೆ ಹಾಕಿ. ತಿಂಗಳಿಗೊಮ್ಮೆ ಸ್ಪಂಜ್ ತೆಗೆದು, ಹೊರತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯ ಸತ್ತು ಮತ್ತೆ ಮೊದಲಿಂದ. ದೊಡ್ಡ ಕಲ್ಲಿನ ಹಿಂದಿನ ಮರಳಿನಲ್ಲಿ ಕಸ ಸೇರುತ್ತದೆ, ಅಲ್ಲಿ ಮಾತ್ರ ಪೈಪಿನಿಂದ ಎಳೆದರೆ ಸಾಕು. ಕಸ ಎಲ್ಲಿ ಸೇರಬೇಕು ಅಂತ ನಾವೇ ಜಾಗ ಮಾಡಿಟ್ಟಿದ್ದೀವಲ್ಲ, ಇಡೀ ತಳ ಕೆದಕುವ ಕೆಲಸ ಇಲ್ಲ.

ಮುಂದಿನ ಗಾಜು ಮಾತ್ರ ಉಜ್ಜಿ. ಕಲ್ಲಿನ ಮೇಲೆ ತೆಳುವಾಗಿ ಹಸಿರು ಹಿಡಿದರೆ ಹಾಗೇ ಬಿಡಿ. ಆರು ತಿಂಗಳಾದ ಮೇಲೆ ಅದೇ ಹಸಿರು, ಕಲ್ಲು ಅಲ್ಲೇ ಹುಟ್ಟಿದ್ದು ಅನ್ನುವ ಹಾಗೆ ಮಾಡುತ್ತದೆ. ಕಪ್ಪು ಗಡ್ಡದಂಥ ಪಾಚಿ ಫರ್ನ್ ಎಲೆಯ ಅಂಚಿಗೆ ಬಂದರೆ ಆ ಎಲೆ ಕತ್ತರಿಸಿ, ಲೈಟ್ ಒಂದು ಗಂಟೆ ಕಡಿಮೆ ಮಾಡಿ.

ಪಾಚಿ ತಿನ್ನಲಿ ಅಂತ ಸಕ್ಕರ್ ಫಿಶ್ ತರುವವರು ಬಹಳ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ನೋಡನೋಡುತ್ತಾ ಒಂದಡಿ ದಾಟಿ ಈ ಟ್ಯಾಂಕಿನ ಒರಗು ಕಲ್ಲುಗಳನ್ನೆಲ್ಲ ಬಾಲದಲ್ಲೇ ಉರುಳಿಸುತ್ತದೆ. ಆಮೇಲೆ ಇಟ್ಟುಕೊಳ್ಳಲಾಗದೆ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಹೀಗೇ ನಮ್ಮ ದೇಶದ ಎಷ್ಟೋ ನೀರುಗಳಲ್ಲಿ ಬೀಡುಬಿಟ್ಟಿದೆ. ಅದನ್ನು ತರಬೇಡಿ. ನಿಮ್ಮ ಡ್ಯಾನಿಯೊಗಳು ಮರಿ ಮಾಡಿ ಜಾಸ್ತಿಯಾದರೂ ಅಷ್ಟೇ, ಅಂಗಡಿಗೆ ವಾಪಸ್ ಕೊಡಿ, ಟ್ಯಾಂಕ್ ಇರುವ ಸ್ನೇಹಿತರಿಗೆ ಕೊಡಿ, ಹೊಳೆಗೆ ಮಾತ್ರ ಬಿಡಬೇಡಿ. ವ್ಯಾಲಿಸ್ನೇರಿಯಾ ಕತ್ತರಿಸಿದ ತುಂಡುಗಳೂ ಚರಂಡಿಗಲ್ಲ, ಒಣಗಿಸಿ ಗೊಬ್ಬರದ ಗುಂಡಿಗೆ.